ರೋಮಿನ ಫೋರಂನಲ್ಲಿ ಎರಡು ಭಾಷಣಗಳು: ಬ್ರೂಟಸ್ ಮತ್ತು ಆಂಟನಿ

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ ಒಂದರ ಬೆನ್ನಿಗೆ ಒಂದು ಬರುವ ಎರಡು ಭಾಷಣಗಳು ವಾಗ್ಮಿತೆಯ ಪಾಠಕ್ಕೆ ಬಹುಕಾಲದಿಂದ ಸಿದ್ಧ ಉದಾಹರಣೆಗಳಾಗಿ ಒದಗಿಬಂದಿವೆ. ಸೀಸರನನ್ನು ಕೊಂದವರ ಪರವಾಗಿ ಬ್ರೂಟಸ್ ಮೊದಲು ಮಾತನಾಡುತ್ತಾನೆ. ಸತ್ತ ಸೀಸರನ ಪರವಾಗಿ ಮಾರ್ಕ್ ಆಂಟನಿ ಅನಂತರ ಮಾತನಾಡುತ್ತಾನೆ. ಮೊದಲ ಭಾಷಣ ಮುಗಿದಾಗ ಬ್ರೂಟಸನಿಗೆ ಜಯಕಾರ ಹಾಕಿದ ಜನ ಎರಡನೆಯದು ಮುಗಿಯುವಷ್ಟರಲ್ಲಿ ಅವನ ಮನೆಗೆ ಬೆಂಕಿಯಿಡಲು ಓಡುತ್ತಾರೆ. ಈ ತಿರುವಿಗೆ ತರಗತಿಯ ಟಿಪ್ಪಣಿಗಳು ಕೊಡುವ ವಿವರಣೆ ಸರಳವಾದುದು: ಬ್ರೂಟಸ್ ಬುದ್ಧಿಯನ್ನು ನಂಬಿದ, ಆಂಟನಿ ಭಾವವನ್ನು ಕೆರಳಿಸಿದ, ಗುಂಪಿಗೆ ಬುದ್ಧಿ ಹಿಡಿಸದು, ಆದ್ದರಿಂದ ಆಂಟನಿ ಗೆದ್ದ. ಅರಿಸ್ಟಾಟಲ್ ಹೇಳಿದ ಮೂರು ಸಾಧನಗಳನ್ನು, ಅಂದರೆ ವಾಗ್ಮಿಯ ಶೀಲ, ಕೇಳುಗರ ಭಾವ ಮತ್ತು ಮಾತಿನೊಳಗಿನ ಯುಕ್ತಿ ಎಂಬಿವನ್ನು, ಅಂಕಣ ಎಳೆದು ಇಬ್ಬರಿಗೂ ಹಂಚಿಬಿಟ್ಟರೆ ಉತ್ತರ ಪೂರ್ಣವಾಯಿತೆಂಬ ನಂಬಿಕೆಯೂ ಇದೆ. ನಾಟಕದ ಪಾಠವನ್ನೂ ಅದರ ಹಿಂದಿರುವ ರೋಮನ್ ಇತಿಹಾಸದ ಆಕರಗಳನ್ನೂ ಜೊತೆಗಿಟ್ಟು ಓದಿದಾಗ ಈ ಹಂಚಿಕೆ ನಿಲ್ಲುವುದಿಲ್ಲ. ಬ್ರೂಟಸನ ಭಾಷಣದಲ್ಲಿ ಯುಕ್ತಿ ಇರುವುದು ತೋರಿಕೆಗೆ ಮಾತ್ರ. ಸಾಕ್ಷ್ಯವೆಂದು ಹೇಳಬಹುದಾದುದನ್ನು, ಅದು ಎಷ್ಟೇ ಮೋಸದ್ದಾಗಿರಲಿ, ಸಭೆಯ ಮುಂದೆ ಇಟ್ಟವನು ಆಂಟನಿ.

ಮೊದಲು ಇತಿಹಾಸವನ್ನು ನೋಡಬೇಕು. ಸೀಸರನ ಕೊಲೆ ನಡೆದುದು ಕ್ರಿ.ಪೂ. 44ರ ಮಾರ್ಚ್ 15ರಂದು. ಕೊಂದವರು ಅಂದೇ ಕ್ಯಾಪಿಟಲ್ ಗುಡ್ಡವನ್ನೇರಿ ಅಲ್ಲಿ ಆಶ್ರಯ ಪಡೆದರು. ಬ್ರೂಟಸ್ ಅಲ್ಲಿಯೂ ಅನಂತರ ಕೆಳಗೆ ಫೋರಂನಲ್ಲಿಯೂ ಜನರನ್ನುದ್ದೇಶಿಸಿ ಮಾತನಾಡಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಅವನ ವರದಿಯಂತೆ ಜನ ಜಯಕಾರವನ್ನೂ ಹಾಕಲಿಲ್ಲ, ಗಲಭೆಯನ್ನೂ ಎಬ್ಬಿಸಲಿಲ್ಲ. ಬ್ರೂಟಸನ ಮೇಲಿನ ಗೌರವದಿಂದ ಸುಮ್ಮನೆ ಕೇಳಿದರು. ಮಾರ್ಚ್ 17ರಂದು ಟೆಲ್ಲಸ್ ದೇವಾಲಯದಲ್ಲಿ ಸೆನೆಟ್ ಸೇರಿತು. ಸಿಸೆರೊ ಮುಂದಿಟ್ಟ ಸಲಹೆಯಂತೆ ಕೊಂದವರಿಗೆ ಕ್ಷಮೆ ದೊರೆಯಿತು. ಆದರೆ ಸೀಸರನ ಆಜ್ಞೆಗಳೆಲ್ಲ ಊರ್ಜಿತವಾಗಿ ಉಳಿದವು. ಅವನು ಸರ್ವಾಧಿಕಾರಿಯಾಗಿದ್ದನೆಂಬ ಕಾರಣಕ್ಕೆ ಕೊಲೆ ನ್ಯಾಯವೆನಿಸಿತು, ಅವನ ಆಳ್ವಿಕೆಯ ಕಾಗದಪತ್ರಗಳೂ ನ್ಯಾಯವೆನಿಸಿದವು. ಈ ವಿರೋಧಾಭಾಸದ ರಾಜಿಯ ಮೇಲೆ ಕೆಲವೇ ದಿನಗಳಲ್ಲಿ, ಬಹುಮಟ್ಟಿಗೆ ಮಾರ್ಚ್ 20ರಂದು, ಸಾರ್ವಜನಿಕ ಶವಸಂಸ್ಕಾರ ನಡೆಯಿತು. ಹಾಗೆ ನಡೆಯಗೊಟ್ಟರೆ ಎಲ್ಲವೂ ಕೈತಪ್ಪುವುದೆಂದು ಸಿಸೆರೊನ ಗೆಳೆಯ ಆಟಿಕಸ್ ಮೊದಲೇ ಕೂಗಿ ಹೇಳಿದ್ದ. ಇದು ಸಿಸೆರೊ ಮರುತಿಂಗಳು ಅವನಿಗೇ ಬರೆದ ಪತ್ರದಿಂದ ತಿಳಿಯುತ್ತದೆ. ಬ್ರೂಟಸ್ ಎಸಗಿದ ಎರಡು ದೊಡ್ಡ ತಪ್ಪುಗಳನ್ನು ಪ್ಲೂಟಾರ್ಕ್ ಹೆಸರಿಸುತ್ತಾನೆ: ಆಂಟನಿಯನ್ನು ಜೀವಸಹಿತ ಬಿಟ್ಟದ್ದು ಒಂದು, ಅವನು ಕೇಳಿದಂತೆ ಶವಸಂಸ್ಕಾರಕ್ಕೆ ಒಪ್ಪಿದ್ದು ಇನ್ನೊಂದು.

ಹೀಗೆ ಬ್ರೂಟಸನ ಭಾಷಣಕ್ಕೂ ಆಂಟನಿಯ ಭಾಷಣಕ್ಕೂ ನಡುವೆ ಐದು ದಿನಗಳ ಅಂತರವಿತ್ತು. ಒಂದೇ ವೇದಿಕೆಯಲ್ಲಿ, ಒಂದೇ ಸಭೆಯ ಎದುರು, ಒಬ್ಬನ ಮಾತು ಮುಗಿದೊಡನೆ ಇನ್ನೊಬ್ಬನು ಎದ್ದು ಉತ್ತರ ಕೊಟ್ಟ ಘಟನೆ ರೋಮಿನಲ್ಲಿ ನಡೆಯಲಿಲ್ಲ. ಅದು ಲಂಡನ್ನಿನ ರಂಗಭೂಮಿಯಲ್ಲಿ ನಡೆಯಿತು. 1599ರ ಸೆಪ್ಟೆಂಬರ್ 21ರಂದು ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಹುಲ್ಲು ಹೊದಿಸಿದ ನಾಟಕಶಾಲೆಯೊಂದರಲ್ಲಿ ಸೀಸರನ ನಾಟಕವನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಅದು ಷೇಕ್ಸ್‌ಪಿಯರನದೇ ಆಗಿರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನಾಟಕಕಾರನ ಮುಖ್ಯ ಆಕರ ಥಾಮಸ್ ನಾರ್ತ್ 1579ರಲ್ಲಿ ಪ್ರಕಟಿಸಿದ ಪ್ಲೂಟಾರ್ಕನ ‘ಜೀವನಚರಿತ್ರೆಗಳು’. ನಾರ್ತ್ ಅದನ್ನು ಗ್ರೀಕಿನಿಂದ ನೇರವಾಗಿ ತಂದದ್ದಲ್ಲ, ಝಾಕ್ ಆಮ್ಯೋನ ಫ್ರೆಂಚ್ ಅನುವಾದದಿಂದ ತಂದದ್ದು. ಆ ಗ್ರಂಥದಲ್ಲಿ ಎರಡು ಭಾಷಣಗಳ ಪ್ರಸ್ತಾಪವಿದೆಯೇ ಹೊರತು ಭಾಷಣಗಳಿಲ್ಲ. ಅವುಗಳ ಮಾತು ಷೇಕ್ಸ್‌ಪಿಯರನದು. ಆದರೆ ಆ ಮಾತಿನ ಶೈಲಿಗೆ ಬೇಕಾದ ಸುಳಿವುಗಳು ಮಾತ್ರ ಪ್ಲೂಟಾರ್ಕನಲ್ಲಿ ಸ್ಪಷ್ಟವಾಗಿಯೇ ಇವೆ.

ಬ್ರೂಟಸ್ ಗ್ರೀಕಿನಲ್ಲಿ ಬರೆಯುತ್ತಿದ್ದ ಪತ್ರಗಳು ಸ್ಪಾರ್ಟಾದವರ ಮಾತಿನಂತೆ ಅತಿ ಸಂಕ್ಷಿಪ್ತವೂ ಬಿಗಿಯೂ ಆಗಿದ್ದವೆಂದು ಅವನ ಚರಿತ್ರೆಯ ಆರಂಭದಲ್ಲಿಯೇ ಪ್ಲೂಟಾರ್ಕ್ ಹೇಳಿ, ಪತ್ರಗಳ ಮಾದರಿಗಳನ್ನೂ ಕೊಡುತ್ತಾನೆ. ಆಂಟನಿಯ ಚರಿತ್ರೆಯಲ್ಲಿ, ಆಗ ಜನಪ್ರಿಯವಾಗಿದ್ದ ‘ಏಷ್ಯಾಟಿಕ್’ ಶೈಲಿಯನ್ನು ಅವನು ರೂಢಿಸಿಕೊಂಡಿದ್ದನೆಂದೂ ಅದು ಅವನ ಆಡಂಬರದ ಬದುಕಿಗೆ ಒಪ್ಪುವಂತಿತ್ತೆಂದೂ ಬರೆಯುತ್ತಾನೆ. ಇವೆರಡೂ ಬಿಡಿ ಮಾತುಗಳಲ್ಲ. ಗಣರಾಜ್ಯದ ಕೊನೆಯ ವರ್ಷಗಳಲ್ಲಿ ರೋಮಿನ ವಿದ್ಯಾವಂತರನ್ನು ಇಬ್ಭಾಗ ಮಾಡಿದ್ದ ದೊಡ್ಡ ಶೈಲಿವಿವಾದದ ಎರಡು ಕೊನೆಗಳಿವು. ಒಂದು ಪಕ್ಷ ಪ್ರಾಚೀನ ಅಥೆನ್ಸಿನ ಮಿತವಾದ, ಅಲಂಕಾರ ಕಡಿಮೆಯಾದ ‘ಆಟಿಕ್’ ಶೈಲಿಯನ್ನು ಆದರ್ಶವೆಂದಿತು. ಎದುರು ಪಕ್ಷಕ್ಕೆ ಏಷ್ಯಾ ಮೈನರಿನ ಗ್ರೀಕ್ ನಗರಗಳಲ್ಲಿ ಬೆಳೆದ ಭರದ, ಬಣ್ಣದ ಮಾತು ಮೆಚ್ಚುಗೆಯಾಗಿತ್ತು. ಬ್ರೂಟಸ್ ಮೊದಲ ಪಕ್ಷದವನು. ಸಿಸೆರೊ ಕ್ರಿ.ಪೂ. 46ರಲ್ಲಿ ‘ಬ್ರೂಟಸ್’ ಎಂಬ ಹೆಸರಿನಲ್ಲಿಯೇ ರೋಮನ್ ವಾಗ್ಮಿತೆಯ ಇತಿಹಾಸವನ್ನು ಬರೆದದ್ದಲ್ಲದೆ, ಅದೇ ವರ್ಷ ‘ಒರೇಟರ್’ ಎಂಬ ಗ್ರಂಥವನ್ನು ಬ್ರೂಟಸನಿಗೆ ಸಂಬೋಧಿಸಿ ಬರೆದುದಕ್ಕೆ ಅವನ ಮನಸ್ಸನ್ನು ಈ ವಿಷಯದಲ್ಲಿ ತಿರುಗಿಸಬೇಕೆಂಬ ಆಸೆಯೂ ಕಾರಣವಾಗಿತ್ತು. ಮನಸ್ಸು ತಿರುಗಲಿಲ್ಲ.

ಈ ಭಿನ್ನಾಭಿಪ್ರಾಯದ ಕೊನೆಯ ದಾಖಲೆ ಅತ್ಯಂತ ಕುತೂಹಲಕರವಾದುದು. ಕ್ಯಾಪಿಟಲ್‌ನಲ್ಲಿ ತಾನು ಮಾಡಿದ ಭಾಷಣವನ್ನು ಪ್ರಕಟಿಸುವ ಮುನ್ನ ಬ್ರೂಟಸ್ ಅದರ ಪ್ರತಿಯನ್ನು ಸಿಸೆರೊಗೆ ಕಳುಹಿಸಿ, ಮುಖಸ್ತುತಿಯಿಲ್ಲದೆ ತಿದ್ದಿಕೊಡಬೇಕೆಂದು ಕೇಳಿದ. ಕ್ರಿ.ಪೂ. 44ರ ಮೇ ತಿಂಗಳಲ್ಲಿ ಸಿಸೆರೊ ಆಟಿಕಸನಿಗೆ ಬರೆದ ಪತ್ರದಲ್ಲಿ ಆ ಭಾಷಣವನ್ನು ಕುರಿತ ತೀರ್ಪಿದೆ. ವಿಚಾರದಲ್ಲಿಯೂ ಪದಪ್ರಯೋಗದಲ್ಲಿಯೂ ಅದರ ಸೊಗಸನ್ನು ಮೀರಿಸಲಾಗದು, ಆದರೆ ಆ ವಸ್ತು ತನ್ನ ಕೈಗೆ ಬಂದಿದ್ದರೆ ಇನ್ನಷ್ಟು ಉರಿಯುವಂತೆ ಬರೆಯುತ್ತಿದ್ದೆ ಎಂಬುದು ಅದರ ಸಾರ. ಆಟಿಕ್ ಶೈಲಿಯ ಪರಮಾದರ್ಶವಾದ ಡೆಮಾಸ್ತನೀಸನ ಮಾತಿನಲ್ಲಿಯೂ ಸಿಡಿಲಿತ್ತೆಂಬುದನ್ನು ಅವನು ಆಟಿಕಸನಿಗೆ ನೆನಪು ಮಾಡಿಕೊಡುತ್ತಾನೆ. ಬ್ರೂಟಸನ ಆ ಭಾಷಣ ಇಂದು ಉಳಿದಿಲ್ಲ. ಉಳಿದಿರುವುದು ಅದನ್ನು ಓದಿದ ಶ್ರೇಷ್ಠ ವಿಮರ್ಶಕನೊಬ್ಬನ ಈ ಒಂದು ತೀರ್ಪು: ದೋಷವಿಲ್ಲ, ಕಾವಿಲ್ಲ. ಷೇಕ್ಸ್‌ಪಿಯರ್ ತನ್ನ ಬ್ರೂಟಸನಿಗೆ ಬರೆದುಕೊಟ್ಟ ಭಾಷಣಕ್ಕೂ ಈ ತೀರ್ಪು ಅಕ್ಷರಶಃ ಒಪ್ಪುತ್ತದೆ.

ನಾಟಕದ ಬ್ರೂಟಸ್ ಗದ್ಯದಲ್ಲಿ ಮಾತನಾಡುತ್ತಾನೆ. ಪದ್ಯದಲ್ಲಿ ಬರೆದ ನಾಟಕದಲ್ಲಿ, ಅದರ ಅತ್ಯುನ್ನತ ಪಾತ್ರ, ಅತ್ಯಂತ ಗಂಭೀರವಾದ ಸಂದರ್ಭದಲ್ಲಿ ಗದ್ಯಕ್ಕಿಳಿಯುವುದು ಆಕಸ್ಮಿಕವಲ್ಲ. ಆದರೆ ಅದು ಸರಳ ಗದ್ಯವೂ ಅಲ್ಲ. ವಾಕ್ಯಕ್ಕೆ ವಾಕ್ಯ ಎದುರಾಗಿ ನಿಲ್ಲುತ್ತದೆ. ಪ್ರೀತಿಗೆ ಕಣ್ಣೀರು, ಭಾಗ್ಯಕ್ಕೆ ಸಂತೋಷ, ಶೌರ್ಯಕ್ಕೆ ಗೌರವ, ಮಹತ್ವಾಕಾಂಕ್ಷೆಗೆ ಸಾವು ಎಂಬ ಕ್ರಮದಲ್ಲಿ ತಕ್ಕಡಿಯ ತಟ್ಟೆಗಳು ಸಮನಾಗಿ ತೂಗುತ್ತವೆ. ಈ ಸಮತೂಕವೇ ಕೇಳುಗರಲ್ಲಿ ತರ್ಕದ ಭ್ರಮೆ ಹುಟ್ಟಿಸುತ್ತದೆ. ವಾಕ್ಯಗಳು ತರ್ಕದ ಹಾಗೆ ಜೋಡಣೆಯಾಗಿವೆ. ತರ್ಕ ಮಾತ್ರ ಅವುಗಳಲ್ಲಿಲ್ಲ. ಬಿಡಿಸಿ ನೋಡಿದರೆ ಭಾಷಣದ ಅನುಮಾನವಾಕ್ಯ ಇಷ್ಟೇ: ರೋಮಿನ ಸ್ವಾತಂತ್ರ್ಯಕ್ಕೆ ಮುಳುವಾಗುವ ಮಹತ್ವಾಕಾಂಕ್ಷಿ ಸಾಯಬೇಕು, ಸೀಸರ್ ಅಂಥವನು, ಆದ್ದರಿಂದ ಸತ್ತ. ವಿವಾದಕ್ಕೊಳಗಾದುದು ನಡುವಿನ ವಾಕ್ಯ. ಅದಕ್ಕೆ ಬ್ರೂಟಸ್ ಕೊಡುವ ಪ್ರಮಾಣ ಯಾವುದು? ತನ್ನ ಮಾನ. ತನ್ನ ಮಾನವನ್ನು ನೋಡಿ ತನ್ನನ್ನು ನಂಬಿ ಎಂದು ಕೇಳುತ್ತಾನೆ, ನಂಬುವುದಕ್ಕಾಗಿ ಆ ಮಾನಕ್ಕೆ ಬೆಲೆ ಕೊಡಿ ಎಂದೂ ಕೇಳುತ್ತಾನೆ. ಇದು ಹೊರಟಲ್ಲಿಗೇ ಬಂದು ಸೇರುವ ದಾರಿ. ಅನಂತರ ಗುಲಾಮನಾಗಲು ಬಯಸುವಷ್ಟು ಹೀನನು ಇಲ್ಲಿ ಯಾರಿದ್ದಾನೆ, ದೇಶವನ್ನು ಪ್ರೀತಿಸದಷ್ಟು ನೀಚನು ಯಾರಿದ್ದಾನೆ ಎಂಬ ಪ್ರಶ್ನೆಗಳು ಬರುತ್ತವೆ. ಹೌದು ನಾನಿದ್ದೇನೆ ಎಂದು ಯಾರೂ ಎದ್ದು ಹೇಳಲಾರರು. ಯಾರೂ ಹೇಳದಿರುವುದನ್ನೇ ಒಪ್ಪಿಗೆಯೆಂದು ಬರೆದುಕೊಂಡು ಬ್ರೂಟಸ್ ಮುಂದೆ ಸಾಗುತ್ತಾನೆ.

ಇದನ್ನು ‘ಯುಕ್ತಿಯ ಭಾಷಣ’ ಎನ್ನುವುದು ಹೇಗೆ? ಶೀಲದ ಬಲದಿಂದ ಒಪ್ಪಿಸುವ ಭಾಷಣವೆಂದರೆ ಸರಿಹೋದೀತು. ಅಲ್ಲಿಯೂ ಒಂದು ತೊಡಕಿದೆ. ವಾಗ್ಮಿಯ ಶೀಲವನ್ನು ಅರಿಸ್ಟಾಟಲ್ ಬಹು ಶಕ್ತವಾದ ಸಾಧನವೆಂದು ಹೇಳುವಾಗ, ಆ ನಂಬಿಕೆ ಭಾಷಣದಿಂದಲೇ ಹುಟ್ಟಬೇಕು, ಆ ವ್ಯಕ್ತಿಯನ್ನು ಕುರಿತು ಮೊದಲೇ ಇದ್ದ ಜನಾಭಿಪ್ರಾಯದಿಂದಲ್ಲ ಎಂಬ ನಿಬಂಧನೆಯನ್ನು ಸೇರಿಸುತ್ತಾನೆ. ತರಗತಿಯ ಟಿಪ್ಪಣಿಗಳಲ್ಲಿ ಬಿಟ್ಟುಹೋಗುವುದು ಈ ನಿಬಂಧನೆಯೇ. ಬ್ರೂಟಸ್ ತಂದದ್ದು ಮನೆಯಲ್ಲಿ ಕೂಡಿಟ್ಟ ಹಳೆಯ ಕೀರ್ತಿಯನ್ನು. ಸಭೆಯ ಎದುರು ಅವನು ಹೊಸದಾಗಿ ಏನನ್ನೂ ಗಳಿಸಲಿಲ್ಲ. ಆ ಕೀರ್ತಿಗೆ ಒಮ್ಮೆ ಕಲೆ ಹತ್ತಿದರೆ ಅವನ ಭಾಷಣಕ್ಕೆ ಆಧರಿಸಿ ನಿಲ್ಲಲು ಬೇರೇನೂ ಉಳಿಯುವುದಿಲ್ಲ. ಆಂಟನಿ ಇದನ್ನು ಅರ್ಥಮಾಡಿಕೊಂಡ. ಅವನು ಬ್ರೂಟಸನ ವಾದಕ್ಕೆ ಕೈಹಚ್ಚುವ ಬದಲು ಆ ಒಂದು ಪದಕ್ಕೆ, ‘ಮಾನ್ಯ’ ಎಂಬ ಪದಕ್ಕೆ, ಕೈಹಚ್ಚಿದ.

ಬ್ರೂಟಸನಲ್ಲಿ ಆಧಾರಗಳು ಏಕೆ ಇಲ್ಲವೆಂಬುದಕ್ಕೆ ನಾಟಕವೇ ಉತ್ತರ ಕೊಟ್ಟಿದೆ. ಎರಡನೆಯ ಅಂಕದ ಆರಂಭದಲ್ಲಿ, ತೋಟದಲ್ಲಿ ಒಬ್ಬನೇ ನಿಂತು ತನಗೆ ತಾನೇ ವಾದಿಸುವಾಗ, ಸೀಸರನು ಇಲ್ಲಿಯವರೆಗೆ ನಡೆದುಕೊಂಡ ರೀತಿಯಲ್ಲಿ ದೋಷ ಕಾಣದೆಂದು ಅವನು ಒಪ್ಪಿಕೊಳ್ಳುತ್ತಾನೆ. ಮುಂದೆ ಏನಾಗಬಹುದೆಂಬ ಭಯದ ಮೇಲೆ, ಮೊಟ್ಟೆಯಲ್ಲಿರುವ ಹಾವಿನಂತೆ ಭಾವಿಸಿ ಕೊಲ್ಲಬೇಕೆಂದು ನಿಶ್ಚಯಿಸುತ್ತಾನೆ. ಆಗದ ಅಪರಾಧಕ್ಕೆ ಸಾಕ್ಷ್ಯ ಎಲ್ಲಿಂದ ಬರಬೇಕು? ಇತಿಹಾಸದ ಬ್ರೂಟಸನಿಗೆ ಈ ಬಡತನವಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕ್ರಿ.ಪೂ. 44ರ ಆರಂಭದಲ್ಲಿ ಸೀಸರ್ ಆಜೀವ ಸರ್ವಾಧಿಕಾರಿಯಾಗಿದ್ದ. ಬದುಕಿರುವಾಗಲೇ ಅವನ ಮುಖ ರೋಮಿನ ನಾಣ್ಯಗಳ ಮೇಲೆ ಬಂದಿತ್ತು. ತನಗೆ ಅಡ್ಡಿಯಾದ ಇಬ್ಬರು ಟ್ರಿಬ್ಯೂನರನ್ನು ಅವನು ಪದವಿಯಿಂದ ತಳ್ಳಿದ್ದ. ಇಂಥವನ್ನು ಪಟ್ಟಿಮಾಡುವಾಗ ಸ್ಯೂಟೋನಿಯಸ್, ಸೀಸರನ ಕೊಲೆ ನ್ಯಾಯವಾಯಿತೆಂದು ಜನ ಭಾವಿಸಲು ಇದೇ ಕಾರಣವೆಂದು ಬರೆಯುತ್ತಾನೆ. ಟ್ರಿಬ್ಯೂನರ ಬಾಯಿ ಮುಚ್ಚಿಸಿದ ಸಂಗತಿ ನಾಟಕದ ಮೊದಲ ಅಂಕದಲ್ಲಿ ಕ್ಯಾಸ್ಕಾನ ಬಾಯಲ್ಲಿ ಒಂದೇ ಮಾತಿನಲ್ಲಿ ಬಂದುಹೋಗುತ್ತದೆ. ಫೋರಂನಲ್ಲಿ ಬ್ರೂಟಸ್ ಅದನ್ನು ಬಳಸುವುದೇ ಇಲ್ಲ. ಸೀಸರನ ಸಾವಿನ ಕಾರಣಗಳು ಕ್ಯಾಪಿಟಲ್‌ನಲ್ಲಿ ದಾಖಲಾಗಿವೆ, ಬೇಕಾದವರು ನೋಡಿಕೊಳ್ಳಬಹುದೆಂಬ ಅರ್ಥದ ಒಂದು ಮಾತನ್ನಾಡುತ್ತಾನೆ. ಬೀದಿಯಲ್ಲಿ ನಿಂತ ಜನಕ್ಕೆ ಕಚೇರಿಯ ಕಡತದ ವಿಳಾಸ ಕೊಟ್ಟಂತೆ!

ಜನರ ಪ್ರತಿಕ್ರಿಯೆ ಅವನ ಭಾಷಣದ ನಿಜವಾದ ವಿಮರ್ಶೆ. ಒಬ್ಬನು ಅವನ ಪ್ರತಿಮೆ ನಿಲ್ಲಿಸಬೇಕೆನ್ನುತ್ತಾನೆ. ಇನ್ನೊಬ್ಬನು ಅವನೇ ಸೀಸರನಾಗಲಿ ಎನ್ನುತ್ತಾನೆ. ಸೀಸರನ ಸದ್ಗುಣಗಳಿಗೆ ಬ್ರೂಟಸನ ತಲೆಯ ಮೇಲೆ ಕಿರೀಟವಿಡಬೇಕೆಂಬ ಮಾತೂ ಬರುತ್ತದೆ. ಕಿರೀಟದ ಭಯದಿಂದ ಕೊಲೆ ಮಾಡಿದವನಿಗೆ ಕಿರೀಟದ ಕಾಣಿಕೆ. ಜನ ಒಪ್ಪಿದ್ದು ವ್ಯಕ್ತಿಯನ್ನು, ವಾದವನ್ನಲ್ಲ. ವೇದಿಕೆಯ ಮೇಲಿರುವ ಬ್ರೂಟಸನಿಗೆ ಇದು ಕೇಳಿಸಿಯೂ ಅರ್ಥವಾಗುವುದಿಲ್ಲ. ಆಂಟನಿಯ ಮಾತು ಮುಗಿಯುವವರೆಗೆ ಯಾರೂ ಕದಲಬಾರದೆಂದು ತಾನೇ ಜನರನ್ನು ಕೇಳಿಕೊಂಡು ಒಬ್ಬನೇ ಹೊರಟುಹೋಗುತ್ತಾನೆ. (ಕ್ಯಾಷಿಯಸ್ ಸಭೆಯ ಒಂದು ಪಾಲನ್ನು ಬೇರೆ ಬೀದಿಗೆ ಕರೆದೊಯ್ದು ಅಲ್ಲಿ ಮೂರನೆಯ ಭಾಷಣವೊಂದನ್ನು ಮಾಡುತ್ತಾನೆ. ಪ್ರೇಕ್ಷಕರಿಗೆ ಅದು ಕೇಳಿಸುವುದಿಲ್ಲ. ಲೋಕವ್ಯವಹಾರ ಬಲ್ಲ, ಆಂಟನಿಗೆ ಮಾತನಾಡಲು ಬಿಡಬೇಡವೆಂದು ಎಚ್ಚರಿಸಿದ್ದ ಆ ಮನುಷ್ಯ ಏನು ಹೇಳಿರಬಹುದೆಂಬ ಕುತೂಹಲ ಓದುಗರಿಗೆ ಉಳಿದೇ ಹೋಗುತ್ತದೆ.)

ಆಂಟನಿಯ ಭಾಷಣಕ್ಕೆ ಬರುವ ಮುನ್ನ ಅವನಿಗಿದ್ದ ಕಟ್ಟುಪಾಡುಗಳನ್ನು ನೆನೆಯಬೇಕು. ಕೊಂದವರನ್ನು ದೂಷಿಸಬಾರದು, ಸೀಸರನ ಒಳ್ಳೆಯದನ್ನು ಬೇಕಾದಷ್ಟು ಹೇಳಬಹುದು, ಬ್ರೂಟಸನ ಅನುಮತಿಯಿಂದಲೇ ಮಾತನಾಡುತ್ತಿರುವುದಾಗಿ ಸಾರಬೇಕು, ಬ್ರೂಟಸ್ ಮಾತನಾಡಿದ ಮೇಲೆ ಅದೇ ವೇದಿಕೆಯಿಂದ ಮಾತನಾಡಬೇಕು. ಈ ಕರಾರುಗಳಲ್ಲಿ ಒಂದನ್ನೂ ಅವನು ಅಕ್ಷರದಲ್ಲಿ ಮುರಿಯುವುದಿಲ್ಲ. ದೂಷಣೆಗೆ ನಿಷೇಧವಿದ್ದುದರಿಂದ ಹೊಗಳಿದ. ಹೊಗಳಿಕೆಯ ವೇಷದಲ್ಲಿ ನಿಂದೆಯನ್ನು ಮಾಡುವುದನ್ನು ನಮ್ಮ ಆಲಂಕಾರಿಕರು ವ್ಯಾಜಸ್ತುತಿಯೆಂದು ಕರೆದಿದ್ದಾರೆ. ಆದರೆ ಆಂಟನಿಯ ಪ್ರಯೋಗವನ್ನು ವಿವರಿಸಲು ಅದಕ್ಕಿಂತಲೂ ‘ಕಾಕು’ ಎಂಬ ಪರಿಭಾಷೆ ಹೆಚ್ಚು ಉಪಯುಕ್ತ. ಪದ ಬದಲಾಗದೆ ಧ್ವನಿಯ ಏರಿಳಿತದಿಂದಲೇ ಅರ್ಥ ತಿರುಗುವುದನ್ನು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ವ್ಯಂಜನೆಯ ಪ್ರಕರಣದಲ್ಲಿಯೂ ವಕ್ರೋಕ್ತಿಯ ಪ್ರಕರಣದಲ್ಲಿಯೂ ಚರ್ಚಿಸುತ್ತಾನೆ. ಬ್ರೂಟಸ್ ಮಾನ್ಯನು ಎಂಬ ಮಾತು ಮೊದಲ ಸಲ ಬಂದಾಗ ಅದು ಸೌಜನ್ಯ. ಎರಡನೆಯ ಸಲ, ಸೀಸರನ ಉಪಕಾರವೊಂದನ್ನು ಹೇಳಿದ ಬೆನ್ನಿಗೆ ಬಂದಾಗ, ಸಂದೇಹ. ಅನಂತರ ಆಪಾದನೆ. ಕೊನೆಗೆ ಆಂಟನಿ ಏನನ್ನೂ ಹೇಳಬೇಕಾಗಿಯೇ ಇಲ್ಲ. ಸಭೆಯಲ್ಲಿದ್ದವನೊಬ್ಬ ಆ ಪದವನ್ನು ಎತ್ತಿಕೊಂಡು ಅವರು ದ್ರೋಹಿಗಳೆಂದು ತಾನೇ ತಿರುಗಿಸಿ ಕೂಗುತ್ತಾನೆ. ಭಾಷಣಕಾರ ಆಡದೆ ಬಿಟ್ಟ ಮಾತನ್ನು ಕೇಳುಗನ ಬಾಯಿಂದ ಆಡಿಸುವುದು ಮನವೊಲಿಕೆಯ ಕಲೆಯಲ್ಲಿ ಅತ್ಯಂತ ಎತ್ತರದ ಮೆಟ್ಟಿಲು.

ಸಂಬೋಧನೆಯ ಕ್ರಮದಲ್ಲಿಯೇ ವ್ಯತ್ಯಾಸ ಆರಂಭವಾಗುತ್ತದೆ. ಬ್ರೂಟಸ್ ಸಭಿಕರನ್ನು ಮೊದಲು ರೋಮನರೆಂದು, ಕೊನೆಗೆ ಪ್ರಿಯರೆಂದು ಕರೆಯುತ್ತಾನೆ. ಆಂಟನಿ ಸ್ನೇಹಿತರೆಂದು ಮೊದಲು ಕರೆದು ಆಮೇಲೆ ರೋಮನರೆನ್ನುತ್ತಾನೆ. ಬ್ರೂಟಸ್ ಮಾತನಾಡುವಾಗ ಶವ ರಂಗದ ಮೇಲಿರುವುದಿಲ್ಲ. ಅವನ ಮಾತು ಮುಗಿಯುವ ಹೊತ್ತಿಗೆ ಆಂಟನಿ ಅದರೊಂದಿಗೆ ಪ್ರವೇಶಿಸುತ್ತಾನೆ. ಬ್ರೂಟಸ್ ಸೀಸರನ ಬಗ್ಗೆ ಮಾತನಾಡಿದ, ಆಂಟನಿ ಸೀಸರನನ್ನೇ ತಂದ.

ಮಹತ್ವಾಕಾಂಕ್ಷೆಯ ಆರೋಪಕ್ಕೆ ವಿರುದ್ಧವಾಗಿ ಅವನು ಮೂರು ನಿದರ್ಶನಗಳನ್ನು ಕೊಡುತ್ತಾನೆ. ಸೀಸರ್ ಸೆರೆಯಾಳುಗಳನ್ನು ತಂದು ಅವರ ಬಿಡುಗಡೆಯ ಹಣದಿಂದ ಬೊಕ್ಕಸ ತುಂಬಿಸಿದ; ಬಡವರು ಅತ್ತಾಗ ತಾನೂ ಅತ್ತ; ಲೂಪರ್ಕಾಲಿಯ ಹಬ್ಬದ ದಿನ ಮೂರು ಸಲ ಒಡ್ಡಿದ ಕಿರೀಟವನ್ನು ಮೂರು ಸಲವೂ ತಿರಸ್ಕರಿಸಿದ. ತರ್ಕದ ದೃಷ್ಟಿಯಿಂದ ಮೂರೂ ಸಡಿಲ. ಬೊಕ್ಕಸ ತುಂಬಿಸುವುದು, ಬಡವರಿಗಾಗಿ ಅಳುವುದು ಮಹತ್ವಾಕಾಂಕ್ಷಿಗೆ ಒಗ್ಗದ ಗುಣಗಳೇನಲ್ಲ. ಅಧಿಕಾರ ಬಯಸುವವನೇ ಅವನ್ನು ಮುಖ್ಯವಾಗಿ ಅಭ್ಯಾಸಮಾಡುತ್ತಾನೆ. ಕಿರೀಟವನ್ನು ಒಡ್ಡಿದವನು ಈ ಆಂಟನಿಯೇ. ಪ್ರತಿ ಸಲವೂ ಸೀಸರನ ತಿರಸ್ಕಾರ ಮೆತ್ತಗಾಗುತ್ತ ಹೋಯಿತೆಂದು ಕ್ಯಾಸ್ಕಾ ಮೊದಲ ಅಂಕದಲ್ಲಿ ವರದಿ ಮಾಡಿದ್ದಾನೆ. ಇಷ್ಟಾಗಿಯೂ ಇವು ಸಭಿಕರು ಕಣ್ಣಾರೆ ಕಂಡ ಸಂಗತಿಗಳು. ಬ್ರೂಟಸ್ ಇಂಥ ಒಂದನ್ನೂ ಕೊಟ್ಟಿರಲಿಲ್ಲ. ಆಂಟನಿ ಮಾತು ನಿಲ್ಲಿಸಿ ಅಳುವಾಗ ಜನರಲ್ಲೊಬ್ಬ ಅವನ ಕಣ್ಣೀರನ್ನು ಗಮನಿಸುವುದಕ್ಕೆ ಮೊದಲೇ, ಇನ್ನೊಬ್ಬನು ಇವನ ಮಾತಿನಲ್ಲಿ ಯುಕ್ತಿಯಿದೆ ಎನ್ನುತ್ತಾನೆ. ಬುದ್ಧಿ–ಭಾವಗಳ ಹಂಚಿಕೆಯ ಸೂತ್ರವನ್ನು ಷೇಕ್ಸ್‌ಪಿಯರ್ ಮೊದಲೇ ಊಹಿಸಿ ಈ ಪಾತ್ರದ ಬಾಯಲ್ಲಿ ಅದಕ್ಕೆ ಉತ್ತರ ಇಟ್ಟಂತಿದೆ.

ಇನ್ನು ಉಯಿಲು, ನಿಲುವಂಗಿ, ಶವ. ಕಾನೂನು, ಸಾಕ್ಷಿ, ಒಪ್ಪಂದಪತ್ರ, ಪ್ರಮಾಣವಚನ ಮುಂತಾದವನ್ನು ಅರಿಸ್ಟಾಟಲ್ ಪ್ರತ್ಯೇಕ ವರ್ಗವಾಗಿ ಇಡುತ್ತಾನೆ. ಇವು ಭಾಷಣಕಾರನು ಕಲ್ಪಿಸುವಂಥವಲ್ಲ, ಹೊರಗಿನಿಂದ ತಂದು ಬಳಸುವಂಥವು. ಶೀಲ–ಭಾವ–ಯುಕ್ತಿ ಎಂಬ ಮೂರೇ ಅಂಕಣಗಳಲ್ಲಿ ಇವಕ್ಕೆ ಸ್ಥಾನ ಸಿಗದು. ಆಂಟನಿಯ ಭಾಷಣದ ಮುಕ್ಕಾಲು ಬಲ ಇರುವುದು ಇವುಗಳಲ್ಲಿಯೇ. ಸೀಸರನ ಶವಸಂಸ್ಕಾರದ ರಕ್ತಸಿಕ್ತ ವಸ್ತ್ರ ಕ್ರಿ.ಶ. ಒಂದನೆಯ ಶತಮಾನದ ಹೊತ್ತಿಗೆ ವಾಗ್ಮಿತೆಯ ಪಠ್ಯಗಳನ್ನೂ ಸೇರಿತ್ತು. ವಸ್ತುವನ್ನು ಕಣ್ಣೆದುರು ತೋರಿಸಿ ಭಾವವನ್ನೆಬ್ಬಿಸುವುದಕ್ಕೆ ಕ್ವಿಂಟಿಲಿಯನ್ ಕೊಡುವ ನಿದರ್ಶನಗಳಲ್ಲಿ ಅದೂ ಒಂದು.

ಆಕರಗಳಲ್ಲಿ ಆಂಟನಿಯ ಭಾಷಣದ ಸ್ವರೂಪ ಒಂದೇ ಆಗಿಲ್ಲ. ಸ್ಯೂಟೋನಿಯಸನ ಪ್ರಕಾರ ಅವನು ಶೋಕಭಾಷಣದ ಬದಲಿಗೆ, ಸೀಸರನಿಗೆ ಸಕಲ ಗೌರವಗಳನ್ನೂ ನೀಡಿದ ಸೆನೆಟ್ಟಿನ ನಿರ್ಣಯವನ್ನು ಮತ್ತು ಅವನ ಪ್ರಾಣವನ್ನು ಕಾಯುವೆವೆಂದು ಸದಸ್ಯರೆಲ್ಲ ಮಾಡಿದ ಪ್ರತಿಜ್ಞೆಯನ್ನು ಸಾರುವವನೊಬ್ಬನಿಂದ ಓದಿಸಿ, ತನ್ನದಾಗಿ ಕೆಲವೇ ಮಾತುಗಳನ್ನು ಸೇರಿಸಿದ. ಎರಡನೆಯ ಶತಮಾನದ ಅಪ್ಪಿಯನ್ ದೀರ್ಘ ಭಾಷಣವನ್ನೇ ಬರೆದು, ಈಟಿಯ ತುದಿಯಲ್ಲಿ ಎತ್ತಿದ ನಿಲುವಂಗಿಯನ್ನೂ, ಯಂತ್ರದಿಂದ ಸುತ್ತ ತಿರುಗುತ್ತ 23 ಗಾಯಗಳನ್ನು ತೋರಿಸಿದ ಮೇಣದ ಬೊಂಬೆಯನ್ನೂ ವರ್ಣಿಸುತ್ತಾನೆ. ಡಿಯೊನ ಇತಿಹಾಸದಲ್ಲಿ ಅದು ಇನ್ನಷ್ಟು ಉದ್ದವಾಗಿದೆ. ಘಟನೆಗೆ ಹತ್ತಿರದವನಾದ ಸಿಸೆರೊ ತನ್ನ ಎರಡನೆಯ ‘ಫಿಲಿಪ್ಪಿಕ್’ನಲ್ಲಿ ಆ ಹೊಗಳಿಕೆ, ಆ ಮರುಕ, ಆ ಪ್ರಚೋದನೆ ಎಲ್ಲವೂ ನಿನ್ನವೇ ಎಂದು ಆಂಟನಿಯನ್ನು ಹಂಗಿಸುತ್ತಾನೆ. ಶತ್ರುವಿನ ಮಾತೆಂದು ಸ್ವಲ್ಪ ರಿಯಾಯಿತಿ ಕೊಟ್ಟರೂ, ಕೇವಲ ಓದಿಸಿ ಸುಮ್ಮನಾದವನನ್ನು ಹೀಗೆ ಹಂಗಿಸುವುದು ಸಾಧ್ಯವಿಲ್ಲ. ಸ್ಯೂಟೋನಿಯಸ್ ಕೊಡುವ ಮತ್ತೊಂದು ವಿವರವೂ ಇಲ್ಲಿ ಸ್ಮರಣೀಯ. ಅಂತ್ಯಕ್ರಿಯೆಯ ಕ್ರೀಡೆಗಳಲ್ಲಿ ಪಕೂವಿಯಸನ ದುರಂತನಾಟಕವೊಂದರಿಂದ, ತನ್ನನ್ನು ಕೊಲ್ಲಲೆಂದೇ ಇವರನ್ನು ಉಳಿಸಿದೆನೇ ಎಂಬ ಅರ್ಥದ ಮಾತನ್ನು ಆರಿಸಿ ಹಾಡಿದರಂತೆ. ಆ ನಾಟಕದ ವಸ್ತು ಅಕಿಲೀಸನ ಆಯುಧಗಳಿಗಾಗಿ ನಡೆದ ಸ್ಪರ್ಧೆ, ಅಂದರೆ ಏಜಾಕ್ಸನ ಕಥೆ. ಅದೇ ವೀರನನ್ನು ಕುರಿತ ಸೊಫೊಕ್ಲೀಸನ ನಾಟಕವನ್ನು ಆಧರಿಸಿ ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ರಚಿಸಿದುದು ಕನ್ನಡ ಓದುಗರಿಗೆ ಪರಿಚಿತ.

ಷೇಕ್ಸ್‌ಪಿಯರ್ ಈ ಸಾಮಗ್ರಿಯಲ್ಲಿ ಮಾಡಿದ ಎರಡು ಬದಲಾವಣೆಗಳು ಅವನ ಉದ್ದೇಶವನ್ನು ತೋರಿಸುತ್ತವೆ. ಮೊದಲನೆಯದು ಉಯಿಲಿನ ಸ್ಥಾನ. ಬ್ರೂಟಸನ ಚರಿತ್ರೆಯಲ್ಲಿ ಪ್ಲೂಟಾರ್ಕ್ ಹೇಳುವ ಪ್ರಕಾರ ಉಯಿಲು ಮೊದಲೇ ಬಹಿರಂಗವಾಗಿತ್ತು. ಶವ, ಭಾಷಣ, ನಿಲುವಂಗಿ ಆಮೇಲೆ ಬಂದವು. ನಾಟಕದಲ್ಲಿ ಉಯಿಲನ್ನು ತೋರಿಸಿ, ಓದಲಾರೆನೆಂದು ಹಿಂದೆಗೆದು, ಜನ ಬೇಡಿದ ಮೇಲೆ ಅವರ ಅಪ್ಪಣೆ ಪಡೆದು ವೇದಿಕೆಯಿಂದ ಕೆಳಗಿಳಿದು, ಶವದ ಸುತ್ತ ಅವರನ್ನು ನಿಲ್ಲಿಸಿಕೊಂಡು ಆಂಟನಿ ತೋರಿಸುವುದು ನಿಲುವಂಗಿಯನ್ನು. ಜನ ಕೆರಳಿ ಓಡತೊಡಗಿದಾಗ ಅವರು ಉಯಿಲನ್ನು ಮರೆತೇಬಿಟ್ಟಿರುತ್ತಾರೆ. ಅವನೇ ಕರೆದು ನೆನಪು ಮಾಡಬೇಕಾಗುತ್ತದೆ.

ಆ ನಿಲುವಂಗಿಯ ಪ್ರಸಂಗವನ್ನು ಇತಿಹಾಸದ ವಿದ್ಯಾರ್ಥಿ ನಿಧಾನವಾಗಿ ಓದಬೇಕು. ಸೀಸರ್ ಅದನ್ನು ಮೊದಲು ತೊಟ್ಟದ್ದು ನರ್ವಿಗಳನ್ನು ಗೆದ್ದ ದಿನದ ಬೇಸಗೆಯ ಸಂಜೆ, ಅದು ತನಗೆ ನೆನಪಿದೆ ಎನ್ನುತ್ತಾನೆ ಆಂಟನಿ. ನರ್ವಿಗಳ ಮೇಲಿನ ಯುದ್ಧ ನಡೆದುದು ಗಾಲ್ ದೇಶದಲ್ಲಿ, ಕ್ರಿ.ಪೂ. 57ರಲ್ಲಿ. ಆಗ ಆಂಟನಿ ಸೀಸರನ ಬಳಿ ಇರಲಿಲ್ಲ. ಗಬಿನಿಯಸನ ಕೈಕೆಳಗೆ ಸಿರಿಯಾದ ಕಡೆ ಕುದುರೆದಳದ ನಾಯಕನಾಗಿದ್ದ. ಗಾಲ್‌ಗೆ ಬಂದುದು ಕ್ರಿ.ಪೂ. 54ರಲ್ಲಿ. ಇದು ನಾಟಕಕಾರನ ಅಲಕ್ಷ್ಯವೋ ಪಾತ್ರದ ಸುಳ್ಳೋ ಎಂದು ವಾದಿಸಬಹುದು. ಮುಂದಿನದರಲ್ಲಿ ಅಂಥ ಸಂದೇಹಕ್ಕೆ ಎಡೆಯಿಲ್ಲ. ಈ ತೂತು ಕ್ಯಾಷಿಯಸನ ಕಠಾರಿಯದು, ಇದು ಕ್ಯಾಸ್ಕಾನದು, ಇಲ್ಲಿ ಚುಚ್ಚಿದವನು ಬ್ರೂಟಸ್ ಎಂದು ಅವನು ಬೆರಳಿಟ್ಟು ತೋರಿಸುತ್ತಾನೆ. ಕೊಲೆ ನಡೆದಾಗ ಆಂಟನಿ ಅಲ್ಲಿರಲೇ ಇಲ್ಲ. ಟ್ರೆಬೋನಿಯಸ್ ಅವನನ್ನು ಮೊದಲೇ ಹೊರಗೆ ಕರೆದೊಯ್ದಿದ್ದನ್ನು ಪ್ರೇಕ್ಷಕರು ಹಿಂದಿನ ದೃಶ್ಯದಲ್ಲಿ ಕಂಡಿದ್ದಾರೆ. ಬಟ್ಟೆ ನಿಜ, ರಕ್ತ ನಿಜ, ತೂತುಗಳೂ ನಿಜ. ಯಾವ ತೂತು ಯಾರದೆಂಬುದು ಮಾತ್ರ ಕಟ್ಟಿದ ಕಥೆ. ನಿಜವಾದ ವಸ್ತುವಿಗೆ ಅಂಟಿಸಿದ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ. ಆಮೇಲೆ, ತಾನು ಬ್ರೂಟಸನಂತೆ ವಾಗ್ಮಿಯಲ್ಲ, ಕಂಡದ್ದನ್ನು ಕಂಡಂತೆ ಹೇಳುವ ಸಾದಾ ಮನುಷ್ಯನೆಂದು ಅವನು ಹೇಳಿಕೊಳ್ಳುತ್ತಾನೆ. ಅರಿಸ್ಟಾಟಲ್ ಬಯಸಿದ, ಭಾಷಣದೊಳಗೇ ಹುಟ್ಟಬೇಕಾದ ಶೀಲ ಇದು. ಒಂದು ಗಂಟೆಯ ಹಿಂದೆ ಇರದಿದ್ದ ನೇರನುಡಿಯ ಆಂಟನಿಯೊಬ್ಬನನ್ನು ಅವನು ಸಭೆಯ ಕಣ್ಣೆದುರೇ ನಿರ್ಮಿಸಿದ.

ಎರಡನೆಯ ಬದಲಾವಣೆ ಬಿಟ್ಟುಬಿಟ್ಟದ್ದಕ್ಕೆ ಸಂಬಂಧಿಸಿದ್ದು. ಸ್ಯೂಟೋನಿಯಸನು ಹೇಳುವ ಪ್ರತಿಜ್ಞೆಯ ದಾಖಲೆ ನಾಟಕದಲ್ಲಿಲ್ಲ. ಕೊಂದವರೆಲ್ಲ ಆಣೆ ಮುರಿದವರೆಂದು ಸಾಧಿಸುವ, ಯಾವ ಸುಳ್ಳೂ ಬೇಕಿಲ್ಲದ, ಪ್ರಬಲವಾದ ಲಿಖಿತ ಸಾಕ್ಷ್ಯ ಅದು. ಅದನ್ನು ಓದಿದ್ದರೆ ಆಂಟನಿ ದೂಷಿಸಬಾರದೆಂಬ ಕರಾರನ್ನು ಬಹಿರಂಗವಾಗಿ ಮುರಿದಂತಾಗುತ್ತಿತ್ತು; ಜನ ತಾವೇ ತೀರ್ಮಾನಕ್ಕೆ ಬಂದೆವೆಂದು ಭಾವಿಸುವ ಸುಖವೂ ತಪ್ಪುತ್ತಿತ್ತು. ದಾಖಲೆ ಹೋದ ಜಾಗಕ್ಕೆ ಒಂದು ಪದದ ಕಾಕು ಬಂತು. ಇತಿಹಾಸದ ಆಂಟನಿಯ ಬಳಿ ಇದ್ದ ಉತ್ತಮ ಸಾಕ್ಷ್ಯವನ್ನು ಕಸಿದು, ಇತಿಹಾಸದ ಬ್ರೂಟಸನ ಬಳಿ ಇದ್ದ ಸಾಕ್ಷ್ಯವನ್ನೂ ಕಸಿದು, ಇಬ್ಬರನ್ನೂ ಮಾತಿನ ಸಾಮರ್ಥ್ಯವೊಂದನ್ನೇ ನೆಚ್ಚುವಂತೆ ಮಾಡಿದ ನಾಟಕಕಾರನ ನಿರ್ಧಾರವನ್ನು ವಿಮರ್ಶಕರು ಇನ್ನಷ್ಟು ಗಮನಿಸಬೇಕಿತ್ತು.

ಮರುದೃಶ್ಯದಲ್ಲಿ ಆ ಗುಂಪಿಗೆ ಸಿಕ್ಕುವವನು ಸಿನ್ನಾ ಎಂಬ ಕವಿ. ಸಂಚುಗಾರರಲ್ಲಿ ಅದೇ ಹೆಸರಿನವನಿದ್ದ. ತಾನು ಅವನಲ್ಲವೆಂದು ಕವಿ ಕೂಗಿಕೊಂಡರೂ, ಹೆಸರು ಸಾಕೆಂದು, ಇಲ್ಲವೇ ಕೆಟ್ಟ ಪದ್ಯ ಬರೆದದ್ದಕ್ಕಾದರೂ ಆಗಲೆಂದು ಅವನನ್ನು ಹರಿದುಹಾಕುತ್ತಾರೆ. ಹೆಲ್ವಿಯಸ್ ಸಿನ್ನಾನ ಈ ಸಾವನ್ನು ಪ್ಲೂಟಾರ್ಕ್, ಸ್ಯೂಟೋನಿಯಸ್ ಇಬ್ಬರೂ ದಾಖಲಿಸಿದ್ದಾರೆ. ಮುಂದಿನ ಅಂಕ ಆರಂಭವಾಗುವುದು ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಮೂವರೂ ಕುಳಿತು ಕೊಲ್ಲಬೇಕಾದವರ ಹೆಸರುಗಳಿಗೆ ಗುರುತು ಹಾಕುವುದರೊಂದಿಗೆ. ಆ ಪಟ್ಟಿಯಲ್ಲಿ ಸಿಸೆರೊನೂ ಇದ್ದ. ಕ್ರಿ.ಪೂ. 43ರ ಡಿಸೆಂಬರ್ 7ರಂದು ಅವನನ್ನು ಕೊಂದು, ಅವನ ತಲೆಯನ್ನೂ ಕೈಗಳನ್ನೂ ಫೋರಂನ ಭಾಷಣವೇದಿಕೆಯ ಮೇಲೆ ಜನರಿಗೆ ಕಾಣುವಂತೆ ಇರಿಸಿದರು.

ಪಟ್ಟಿಯ ಕೆಲಸ ಮುಗಿಯುತ್ತಲೇ ನಾಟಕದ ಆಂಟನಿ ಲೆಪಿಡಸನನ್ನು ಸೀಸರನ ಮನೆಗೆ ಅಟ್ಟುತ್ತಾನೆ. ಉಯಿಲನ್ನು ತರಬೇಕು, ಅದರಲ್ಲಿರುವ ಕೊಡುಗೆಗಳಲ್ಲಿ ಏನೇನನ್ನು ಕಡಿತಗೊಳಿಸಬಹುದೆಂದು ನೋಡಬೇಕು! ಪ್ರತಿಯೊಬ್ಬ ನಾಗರಿಕನಿಗೆ 75 ಡ್ರಾಕ್ಮಾ, ಟೈಬರ್ ನದಿಯ ದಡದ ತೋಟಗಳು ಸಾರ್ವಜನಿಕರಿಗೆ ಎಂದು ಅವನೇ ಓದಿ ಹೇಳಿದ್ದ ಉಯಿಲು ಅದು. ಇತಿಹಾಸದಲ್ಲಿಯೂ ಆಂಟನಿ ಸೀಸರನ ಹಣವನ್ನು ಬಿಟ್ಟುಕೊಡಲಿಲ್ಲ. ಉಯಿಲಿನ ಪ್ರಕಾರ ದತ್ತುಮಗನಾಗಿ ಬಂದ, ಇನ್ನೂ ಇಪ್ಪತ್ತು ತುಂಬದ ಆಕ್ಟೇವಿಯಸ್ ಆಸ್ತಿಯನ್ನು ಮಾರಿ ಜನರಿಗೆ ಕೊಡಲು ಮುಂದಾದ. ಮುಂದೆ ಅವನು ಆಗಸ್ಟಸ್ ಚಕ್ರವರ್ತಿಯಾಗಿ ತನ್ನ ಸಾಧನೆಗಳನ್ನು ಬರೆಯಿಸಿದ ಶಾಸನ ಅಂಕಾರಾದ ದೇವಾಲಯದ ಗೋಡೆಯ ಮೇಲೆ ಈಗಲೂ ಉಳಿದಿದೆ. ತಂದೆಯ ಉಯಿಲಿನಂತೆ ರೋಮಿನ ಸಾಮಾನ್ಯ ಜನರಿಗೆ ತಲೆಗೆ 300 ಸೆಸ್ಟರ್ಸ್ ಎಣಿಸಿಕೊಟ್ಟುದನ್ನೂ, ಇಂಥ ಕೊಡುಗೆಗಳು ಯಾವಾಗಲೂ 2,50,000ಕ್ಕೆ ಕಡಿಮೆಯಿಲ್ಲದಷ್ಟು ಮಂದಿಗೆ ತಲುಪಿದುದನ್ನೂ ಅದು ನಮೂದಿಸುತ್ತದೆ. 300 ಸೆಸ್ಟರ್ಸ್ ಎಂದರೆ ಗ್ರೀಕ್ ಲೆಕ್ಕದಲ್ಲಿ 75 ಡ್ರಾಕ್ಮಾ.